ಕಸ್ತೂರೆವ್ವನ ಪಥ್ಯ

ಅಣ್ಣನ ಮುಖ ನೋಡಿ ಎಷ್ಟೋ ದಿನವಾಗಿತ್ತು. ಅವನ ಯಕೃತ್ತನ್ನು ಮಾತ್ರ ನೀಲಾಂಬಿಕೆ ಗಳಿಗೆಗೊಮ್ಮೆ ನೋಡುತ್ತಿದ್ದಳು. ಅಣ್ಣ ವಿರೂಪಾಕ್ಷಪ್ಪ ಗದಗಿನ ತನ್ನ ಮನೆಯಲ್ಲಿದ್ದ. ಅವನ ಹೊಟ್ಟೆಯೊಳಗಿನ ಯಕೃತ್ತು ಧಾರವಾಡದ ಚಿಗುರು ಕೇಂದ್ರದ ನಿಯಂತ್ರಣ ಕೋಣೆಯಲ್ಲಿ, ಅವಳೆದುರಿನ ಪರದೆಯ ಮೇಲೆ, ಕಂದುಗೆಂಪಾಗಿ ಕಾಣುತ್ತಿತ್ತು. ಬಲಭಾಗದಲ್ಲಿ ಗಡ್ಡೆ. ಎಡಭಾಗ ಶುದ್ಧ. ಆ ಎಡಭಾಗ ಬೆಳೆಯಬೇಕಿತ್ತು. ಹಾಳಾದ್ದು ಬೆಳೆಯುತ್ತಲೇ ಇರಲಿಲ್ಲ.

ಯಕೃತ್ತಿನದು ಮೊದಲಿಂದಲೂ ಒಂದು ವಿಚಿತ್ರ ಗುಣ. ಬೆರಳು ಕೊಯ್ದರೆ ಬೆರಳು ಬರುವುದಿಲ್ಲ, ಕಣ್ಣು ಹೋದರೆ ಹೋಯಿತು. ಇದನ್ನು ಮಾತ್ರ ಅರ್ಧ ಕೊಯ್ದರೂ ಉಳಿದರ್ಧ ಹಿಗ್ಗಿ ತುಂಬಿಕೊಳ್ಳುತ್ತದೆ. ಆದರೆ ಉಳಿಯುವ ಚೂರು ತೀರಾ ಚಿಕ್ಕದಾದರೆ ಅದು ಬೆಳೆಯುವಷ್ಟು ಕಾಲ ದೇಹವನ್ನು ಸಾಕಲಾರದೆ ಕೈಚೆಲ್ಲುತ್ತದೆ, ರೋಗಿ ಸಾಯುತ್ತಾನೆ. ಯಕೃತ್ತಿನ ಒಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್ ಹುಟ್ಟಿದರೆ ಇದೇ ದೊಡ್ಡ ಪೇಚು. ನೋವಿಲ್ಲದೆ, ಸದ್ದಿಲ್ಲದೆ ಬೆಳೆಯುವ ಗಡ್ಡೆ ಅದು. ಗೊತ್ತಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜಾಗ ಅದರ ಕೈವಶವಾಗಿರುತ್ತದೆ. ಪೂರ್ತಿ ಕಿತ್ತೊಗೆದರೆ ಬದುಕುವ ದಾರಿಯುಂಟು. ಕಿತ್ತರೆ ಉಳಿಯುವುದು ಅಂಗೈಯಗಲದ ಚೂರು.

ಈ ಪೇಚಿಗೆಂದೇ ಚಿಗುರುಜಾಲ ಬಂತು. ನುಣುಪಾದ, ಕಣ್ಣಿಗೆ ಕಾಣದಷ್ಟು ತೆಳುವಾದ ಜಾಲವೊಂದನ್ನು ಸಣ್ಣ ರಂಧ್ರದಿಂದ ಒಳಗಿಳಿಸಿ ಯಕೃತ್ತಿನ ಒಳ್ಳೆಯ ಭಾಗಕ್ಕೆ ಹೊದಿಸುತ್ತಾರೆ. ಅದು ಗಡ್ಡೆಯ ಕಡೆ ಹೋಗುವ ರಕ್ತವನ್ನು ಇತ್ತ ತಿರುಗಿಸುತ್ತದೆ. ಜೊತೆಗೆ, ಬೆಳೆ ಎಂದು ಅಪ್ಪಣೆ ಕೊಡುವ ಒಂದು ರಸವನ್ನು ಹನಿಹನಿಯಾಗಿ ಬಿಡುತ್ತದೆ. ಎರಡು ವಾರದಲ್ಲಿ ಚೂರು ಹೋಗಿ ಹೋಳಾಗುತ್ತದೆ. ಆಮೇಲೆ ಗಡ್ಡೆಯ ಭಾಗವನ್ನು ಧೈರ್ಯವಾಗಿ ಕೊಯ್ದು ತೆಗೆಯಬಹುದು. ಒಬ್ಬ ಮನುಷ್ಯನಿಗೆ ಇದು ಒಂದೇ ಸಲ. ಎರಡನೆಯ ಸಲ ಹಾಕಿದರೆ ಯಕೃತ್ತು ಆ ಅಪ್ಪಣೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಆ ಎರಡು ವಾರ ರೋಗಿ ಮನೆಯಲ್ಲಿರುತ್ತಾನೆ, ಜಾಲವೇ ಕಳಿಸುವ ಚಿತ್ರ, ರಕ್ತದ ಲೆಕ್ಕ ನೋಡುತ್ತ ಯಂತ್ರ ದೂರದಿಂದ ಕಾಯುತ್ತದೆ. ಜನ ಎಂಥದಕ್ಕೂ ಒಗ್ಗುತ್ತಾರೆ ನೋಡಿ, ಬಸ್ಸಿನಲ್ಲಿ ಪಕ್ಕ ಕೂತವರು, "ನಿಮ್ಮ ಮಾವನವರದು ಎಷ್ಟ್ ಚಿಗಿತ್ರೀ?" ಎಂದು ಪೈರಿನ ಸುದ್ದಿ ಕೇಳಿದಂತೆ ಕೇಳುವ ಕಾಲ ಬಂದಿತ್ತು. ದಿನಾ ಸಂಜೆ ಯಂತ್ರ ಮನೆಯವರ ಫೋನಿಗೆ ಮೂರು ಪ್ರಶ್ನೆ ಕಳಿಸುತ್ತಿತ್ತು. ಜ್ವರ ಇದೆಯೇ? ವಾಂತಿ ಆಯಿತೇ? ಪಥ್ಯ ಮಾಡಿದ್ದೀರಾ? ಗದಗಿನಿಂದ ವಿರೂಪಾಕ್ಷಪ್ಪನ ಹೆಂಡತಿ, ನೀಲಾಂಬಿಕೆಯ ವೈನಿ ಕಸ್ತೂರೆವ್ವ ಒಂದು ದಿನವೂ ತಪ್ಪದೆ ಉತ್ತರ ಒತ್ತುತ್ತಿದ್ದಳು. ಜ್ವರ ಇಲ್ಲ. ವಾಂತಿ ಇಲ್ಲ. ಪಥ್ಯ, ಹೌದು.

ಪರದೆಯ ಮೇಲೆ ಆ 'ಹೌದು' ಕಂಡಾಗಲೆಲ್ಲ ನೀಲಾಂಬಿಕೆಗೆ ತುಸು ಹೆಮ್ಮೆ. ಯಂತ್ರಕ್ಕೆ ಕನ್ನಡ ಕಲಿಸುವಾಗ 'ಡಯಟ್' ಅನ್ನುವುದಕ್ಕೆ 'ಪಥ್ಯ' ಎಂದಿಡೋಣ ಎಂದು ಸೂಚಿಸಿದವಳೇ ಅವಳು. ಚಿಕ್ಕ ಪದ, ಎಲ್ಲರಿಗೂ ಗೊತ್ತಿರುವ ಪದ ಎಂದು ಎಲ್ಲರೂ ಮೆಚ್ಚಿದ್ದರು.

ಕೇಂದ್ರದ ಮುಖ್ಯ ಸರ್ಜನ್ ಇನಾಮದಾರರು ಆ ಬೆಳಿಗ್ಗೆ ಅವಳ ಕುರ್ಚಿಯ ಹಿಂದೆ ಬಂದು ನಿಂತರು. ವಯಸ್ಸಾದವರು, ಮಾತು ಕಡಿಮೆ. ಬೆಳವಣಿಗೆಯ ಗೆರೆ ಹಾಸಿದ ಚಾಪೆಯಂತೆ ನೆಲಕ್ಕಂಟಿಕೊಂಡದ್ದನ್ನು ನೋಡಿ ಅವರ ಹುಬ್ಬು ಗಂಟಾಯಿತು.

"ರಕ್ತದಾಗ ಪ್ರೋಟೀನ್ ಭಾಳ ಇಳದೈತಿ. ಊಟಾ ಬರೋಬ್ಬರಿ ಐತೇನವಾ?"

"ಬರೋಬ್ಬರಿ ಐತ್ರಿ ಸರ್. ನಮ್ಮ ವೈನಿ ಪಥ್ಯದಾಗ ಭಾಳ ಕಡಕ್. ಅವರದು ಖಾನಾವಳಿ ಬ್ಯಾರೆ, ಊಟಕ್ಕೇನ್ ಕಡಿಮಿ?"

"ಹಂಗಾದ್ರ ಯಕೃತ್ತs ಅದನ್ನ ತಯಾರ ಮಾಡವಲ್ದು. ಅದು ಸೋತೈತಿ." ಅವರು ಬೆರಳಿಂದ ಆ ಗೆರೆಯನ್ನು ತೋರಿಸಿದರು. "ಹನಿ ಏರಸೂಣು."

ಏರಿಸುವುದೆಂದರೆ ಹುಡುಗಾಟವಲ್ಲ. ಆ ರಸಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ; ಯಾರು ತಯಾರಿದ್ದಾರೋ ಅವರನ್ನು ಬೆಳೆಸುತ್ತದೆ. ಒಳ್ಳೆಯ ಭಾಗ ಚೆನ್ನಾಗಿ ಉಂಡು ತಯಾರಿದ್ದರೆ ರಸವನ್ನೆಲ್ಲ ತಾನೇ ಹೀರಿಬಿಡುತ್ತದೆ, ಅತ್ತ ಗಡ್ಡೆಗೆ ಹನಿಯೂ ದಕ್ಕುವುದಿಲ್ಲ. ಅದು ಉಪವಾಸವಿದ್ದರೆ ಅಪ್ಪಣೆ ಕೇಳಿಸಿಯೂ ಏಳಲಾರದು. ಆಗ ರಸ ಹರಿದು ಆಚೆಗೆ ಹೋಗುತ್ತದೆ. ಗಡ್ಡೆಗೆ ಪಾಪ, ಯಾವ ಊಟದ ಹಂಗೂ ಇಲ್ಲ. ಅದು ಇರುವುದರಲ್ಲೇ ಕಿತ್ತು ತಿಂದು ಬೆಳೆಯುತ್ತದೆ. ಇದೆಲ್ಲ ನೀಲಾಂಬಿಕೆಗೆ ಬಾಯಿಪಾಠವಿತ್ತು. ಊಟ ಸರಿಯಿದೆ ಎಂದು ಅವಳೇ ಹೇಳಿಯಾಗಿತ್ತಲ್ಲ. ಅವಳೇ ಗುಂಡಿಯ ಮೇಲೆ ಬೆರಳಿಟ್ಟು ಹನಿ ಏರಿಸಿದಳು.

ಗದಗಿನ ಬಸ್‌ಸ್ಟ್ಯಾಂಡಿನ ಹತ್ತಿರ ವಿರೂಪಾಕ್ಷಪ್ಪನ ಖಾನಾವಳಿ. ಮುಂದೆ ಊಟದ ಪಡಸಾಲೆ, ಹಿಂದೆ ಮನೆ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ಕಸ್ತೂರೆವ್ವನ ಕೈ ರೊಟ್ಟಿಗೆ ಊರಲ್ಲಿ ಹೆಸರು. ಉಂಡು ಏಳುವವನನ್ನು ಹೆಗಲು ಹಿಡಿದು ಕೂರಿಸಿ ಮತ್ತೊಂದು ರೊಟ್ಟಿ ಹಾಕುವ ಹೆಂಗಸು ಅವಳು. ನೀಲಾಂಬಿಕೆಗಂತೂ ತಾಯಿಯ ಹಾಗೆ. ತಾಯಿ ಸತ್ತ ಮೇಲೆ ಓದುವ ಹುಡುಗಿಗೆ ಬುತ್ತಿ ಕಟ್ಟಿದ ಕೈ ಅದು. ಅಣ್ಣನಿಗೆ ಗಡ್ಡೆ ಅಂದಾಗ ಅವಳು ಅತ್ತಿದ್ದಕ್ಕಿಂತ, ವೈನಿಯ ಮುಖ ನೋಡಿ ಅತ್ತದ್ದೇ ಹೆಚ್ಚು.

ಜಾಲ ಹಾಕಿ ಅಣ್ಣನನ್ನು ಮನೆಗೆ ಕಳಿಸುವ ದಿನ ಕೇಂದ್ರದಲ್ಲಿ ಜಾತ್ರೆಯಷ್ಟು ಜನ. ಊಟದ ವಿಷಯ ತಿಳಿಸಬೇಕಾದ ಆಹಾರತಜ್ಞೆ ಕೇರಳದಿಂದ ಹೊಸದಾಗಿ ಬಂದ ಹುಡುಗಿ, ಕನ್ನಡ ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. "ನಿಮ್ಮ ಮನೆಯವರೇ ತಾನೇ ಮೇಡಂ, ನೀವೇ ಹೇಳಿಬಿಡಿ" ಎಂದು ಇಂಗ್ಲಿಷಿನಲ್ಲಿ ಅಂದಳು. ನೀಲಾಂಬಿಕೆಗೆ ಒಳಗಿನಿಂದ ಕರೆ ಬಂದಿತ್ತು. ಅವಸರದಲ್ಲಿ ವೈನಿಯ ಎರಡೂ ಕೈ ಹಿಡಿದುಕೊಂಡು ಹೇಳಿದಳು:

"ವೈನಿ, ಪಥ್ಯಾ ಕಡಕ್ ಮಾಡ್ರಿ. ಎಲ್ಲಾ ಅದರ ಮ್ಯಾಲs ನಿಂತೈತಿ."

"ಅದನ್ನ ನನಗ ಹೇಳಬೇಕೇನ ಡಾಕ್ಟರಕ್ಕಾ?" ಕಸ್ತೂರೆವ್ವ ಕಣ್ಣೊರೆಸಿಕೊಂಡು ನಕ್ಕಳು. "ನೀ ಅಲ್ಲಿಂದು ನೋಡಕೋ. ಇಲ್ಲಿಂದು ನನಗ ಬಿಡು."

ಆ ಕಟ್ಟಡದಲ್ಲಿ ಪಥ್ಯ ಎಂದರೆ ದಿನಕ್ಕೆ ಆರು ಸಲ ಹೊಟ್ಟೆ ತುಂಬ ಉಣ್ಣುವುದು. ಕಾಳು, ಬೇಳೆ, ಹಾಲು, ಪನೀರು, ತುಪ್ಪ. ಡಾಕ್ಟರಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲರ ಬಾಯಲ್ಲೂ ಆ ಪದ ಅದೇ ಅರ್ಥದಲ್ಲಿ ಓಡಾಡುತ್ತಿತ್ತು. ಬೇರೆ ರೋಗಿಗಳಿಗೆ ಆಹಾರತಜ್ಞೆಯರು ಪದಾರ್ಥ ಪದಾರ್ಥವಾಗಿ ಬಿಡಿಸಿ ಹೇಳುತ್ತಿದ್ದರು, ಆ ರೋಗಿಗಳಿಗೆ ಯಾವ ತೊಂದರೆಯೂ ಆಗಿರಲಿಲ್ಲ. ನೀಲಾಂಬಿಕೆ ತನ್ನವರಿಗೆ ಒಂದೇ ಪದದಲ್ಲಿ ಹೇಳಿ ಒಳಗೆ ಓಡಿದಳು.

ಹನಿ ಏರಿಸಿದ ಮಾರನೆಯ ದಿನ ಅಣ್ಣನೇ ಫೋನು ಮಾಡಿದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ತಂಗೀ, ಬಾಯಿ ಭಾಳ ಕೆಟ್ಟೈತವಾ. ನಿಮ್ಮ ವೈನಿಗೆ ಹೇಳಿ ಒಂದs ಒಂದ್ ಮಿರ್ಚಿ ಭಜಿ ಕೊಡಸs. ಬ್ಯಾರೇ ಏನೂ ಬ್ಯಾಡ."

ಅವಳಿಗೆ ನಗು ಬಂತು. ಚಿಕ್ಕಂದಿನಿಂದಲೂ ಹೀಗೆ, ಭಜಿ ಕಂಡರೆ ಪ್ರಾಣ ಬಿಡುವವನು. "ಏ ಅಣ್ಣಾ, ಹೊಟ್ಟ್ಯಾಗ ಜಾಲ ಇಟಗೊಂಡು ಭಜಿ ಬೇಡ್ತೀಯಲ್ಲ, ನಾಚಿಕಿ ಬರೂದಿಲ್ಲ? ವೈನಿ ಏನ್ ಕೊಡ್ತಾರ ಅದನ್ನ ಸುಮ್ಮನ ಉಣ್ಣು. ಪಥ್ಯಾ ಮುರದಿ ಅಂದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ ನೋಡು."

"ಆತು ಬಿಡು ತಾಯಿ," ಎಂದ ಅವನು. "ನೀ ಅಂದ ಮ್ಯಾಲ ಮುಗೀತು." ಅದಾದ ಮೇಲೆ ಅವನು ಏನನ್ನೂ ಕೇಳಲಿಲ್ಲ.

ಪರದೆಯ ಮೇಲಿನ ಗೆರೆ ಏಳಲಿಲ್ಲ. ಇನಾಮದಾರರು ಮತ್ತೆ ಏರಿಸು ಎಂದರು, ಅವಳು ಮತ್ತೆ ಏರಿಸಿದಳು. ಎಡಭಾಗ ಇದ್ದಷ್ಟೇ ಇತ್ತು. ಬಲಭಾಗದ ಗಡ್ಡೆಯ ಅಂಚು ಮಾತ್ರ ಮೊದಲಿನಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಜಾಲ ಇರುವುದು ಎಡಕ್ಕೆ, ಬಲಕ್ಕೆ ಅದರ ಕಣ್ಣು ಮಂದ. ದೊಡ್ಡ ಸ್ಕ್ಯಾನ್ ಮಾಡಿದರೇ ಗೊತ್ತಾಗಬೇಕು. ಅವಳಿಗೆ ಊಟ ಸೇರದಾಯಿತು. ಕಡೆಗೆ ಒಂದು ದಿನ ರಜೆ ಹಾಕಿ, ಅಣ್ಣನನ್ನು ಸ್ಕ್ಯಾನಿಗೆ ಕರೆತರುವೆನೆಂದು ಕಾರು ಮಾಡಿಕೊಂಡು ಗದಗಿಗೆ ಹೊರಟಳು.

ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಪಡಸಾಲೆ ತುಂಬ ಜನ. ಒಗ್ಗರಣೆಯ ಘಾಟು ಬೀದಿಯವರೆಗೆ ಹರಡಿತ್ತು. ಒಳಕೋಣೆಯ ಮಂಚದ ಮೇಲೆ ಅಣ್ಣ ಕೂತಿದ್ದ. ಕೂತಿದ್ದ ಅನ್ನಬೇಕೋ, ಯಾರೋ ಇಟ್ಟುಹೋಗಿದ್ದರು ಅನ್ನಬೇಕೋ. ಕೆನ್ನೆ ಒಳಸೇರಿ, ಕತ್ತಿನ ನರ ಎದ್ದು, ಅಂಗಿ ಹೆಗಲ ಮೇಲೆ ನೇತಾಡುತ್ತಿತ್ತು. ಕಣ್ಣು ಹಳದಿ. ಯಕೃತ್ತನ್ನೇ ನೋಡುತ್ತ ಕೂತ ನೀಲಾಂಬಿಕೆ ಮನುಷ್ಯನನ್ನು ನೋಡಿರಲೇ ಇಲ್ಲ.

"ಬಂದೇನವಾ? ಚಲೋ ಆತು. ತಡಿ, ಇವರಿಗೆ ಊಟಾ ಕೊಟ್ಟಬಿಡ್ತೇನಿ." ಕಸ್ತೂರೆವ್ವ ಹಿಟ್ಟಿನ ಕೈ ತೊಳೆದು ತಟ್ಟೆ ತಂದು ಗಂಡನ ಮುಂದಿಟ್ಟಳು. ತಟ್ಟೆಯಲ್ಲಿ ನೀರುನೀರು ಅನ್ನದ ಗಂಜಿ. ಪಕ್ಕದ ಲೋಟದಲ್ಲಿ ಬೆಣ್ಣೆ ತೆಗೆದ ಮಜ್ಜಿಗೆ, ಬಿಳಿ ನೀರಿನ ಹಾಗೆ. ಅಷ್ಟೇ.

"ಇದೇನ್ರಿ ವೈನಿ?"

"ಪಥ್ಯ."

"ದಿನಾ ಇದನ್ನ ಕೊಡಾಕತ್ತೀರೇನು?"

"ಮತ್ತ? ನೀ ಕಡಕ್ ಮಾಡ್ರಿ ಅಂದಿದ್ದಿಲ್ಲ?" ಕಸ್ತೂರೆವ್ವನ ಮುಖದಲ್ಲಿ ಪರೀಕ್ಷೆ ಪಾಸಾದವರ ಗೆಲುವು. "ಉಪ್ಪ ಹಾಕಿಲ್ಲ, ಎಣ್ಣಿ ತೋರಿಸಿಲ್ಲ, ಬ್ಯಾಳಿ ಇಲ್ಲ, ಹಾಲಿಲ್ಲ. ನಮ್ಮಪ್ಪಗ ಕಾಮಣಿ ಆಗಿ ಮೈಕಣ್ಣೆಲ್ಲಾ ಹಳದಿ ಆದಾಗ ಹಬ್ಬದ ದಿನಾ ಯಾರಿಗೂ ಕಾಣಲಾರದಂಗ ಹೋಳಿಗಿ ತುಪ್ಪ ತಿಂದ. ಪಥ್ಯಾ ಮುರದು ಹೋದ. ಇದೂ ಲಿವರಿಂದs ಅಲ್ಲ? ಇವರು ಅಳತಾರ, ಬೇಡತಾರ, ನಾ ಸೋತಿಲ್ಲ ನೋಡು. ನಾನೂ ಇದನ್ನs ಉಣ್ಣಾಕತ್ತೇನಿ, ಇವರೊಬ್ಬರಿಗೇ ಹೆಂಗ ಹಾಕೂದು ಅಂತ."

ಆಗ ನೀಲಾಂಬಿಕೆ ವೈನಿಯನ್ನೂ ನೋಡಿದಳು. ಅವಳೂ ಅರ್ಧಕ್ಕಿಳಿದಿದ್ದಳು. ಊರಿಗೆಲ್ಲ ರೊಟ್ಟಿ ತಟ್ಟಿ, ಪಲ್ಯ ಬಡಿಸಿ, ಬಂದು ಗಂಡನೆದುರು ಕೂತು ಸಪ್ಪೆ ಗಂಜಿ ಕುಡಿದಿದ್ದಳು. ಯಂತ್ರಕ್ಕೆ ಒತ್ತಿದ ಒಂದೊಂದು ಹೌದೂ ಸತ್ಯವೇ. ಹನಿ ಏರಿಸಿದ ತನ್ನ ಬೆರಳು ಕತ್ತರಿಸಿ ಒಗೆಯುವಷ್ಟು ಅಸಹ್ಯ ಬಂತು ನೀಲಾಂಬಿಕೆಗೆ.

"ಇವತ್ತ ಊಟಾ ಬ್ಯಾಡ್ರಿ. ಸ್ಕ್ಯಾನ್ ಐತಿ, ಖಾಲಿ ಹೊಟ್ಟಿ ಬೇಕು," ಎಂದು ಸುಳ್ಳು ಹೇಳಿ ಅಣ್ಣನನ್ನು ಎಬ್ಬಿಸಿದಳು. ಖಾನಾವಳಿ ಮುಚ್ಚಿ ಸಂಜೆಯ ಬಸ್ಸಿಗೆ ತಾನೂ ಬರುತ್ತೇನೆಂದಳು ಕಸ್ತೂರೆವ್ವ.

ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಕೆನೆಗಟ್ಟಿದ ಹಾಲು ತಂದು ಅಣ್ಣನ ಕೈಗಿಟ್ಟಳು. ಈಗ ಕುಡಿಸಿ ಏನು ಪ್ರಯೋಜನವೆಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಕೂರಲು ಆಗಲಿಲ್ಲ ಅಷ್ಟೇ. ವಿರೂಪಾಕ್ಷಪ್ಪ ಲೋಟವನ್ನೂ ಅವಳ ಮುಖವನ್ನೂ ನೋಡಿದ.

"ಪಥ್ಯಾ ಮುರದಂಗ ಆಗಂಗಿಲ್ಲ?"

"ಇಲ್ಲಣ್ಣಾ. ಕುಡಿ."

ಅವನು ಎರಡೂ ಕೈಯಲ್ಲಿ ಲೋಟ ಹಿಡಿದು, ಉಸಿರು ತೆಗೆಯದೆ ಕುಡಿದ. ಮೀಸೆಗಂಟಿದ ಕೆನೆಯನ್ನು ನಾಲಿಗೆಯಿಂದ ತೆಗೆದುಕೊಂಡ. "ನಿಮ್ಮ ವೈನಿಗೆ ಹೇಳಬ್ಯಾಡ ಮತ್ತ," ಎಂದ. ಕಿಟಕಿಯ ಕಡೆ ಮುಖ ತಿರುಗಿಸಿ ನೀಲಾಂಬಿಕೆ ಸದ್ದಾಗದಂತೆ ಅತ್ತಳು.

ಸ್ಕ್ಯಾನಿನ ಚಿತ್ರ ಪರದೆಯ ಮೇಲೆ ಬಂದಾಗ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಗಡ್ಡೆ ನಡುಗೆರೆ ದಾಟಿ ಎಡಭಾಗದ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿತ್ತು. ಆ ಭಾಗವನ್ನು ಉಳಿಸಿಕೊಂಡು ಇದನ್ನು ಕೊಯ್ಯಲು ಇನ್ನು ಬ್ರಹ್ಮನಿಂದಲೂ ಸಾಧ್ಯವಿರಲಿಲ್ಲ. ಕೊಟ್ಟ ರಸವನ್ನೆಲ್ಲ ಗಡ್ಡೆ ಕುಡಿದಿತ್ತು.

"ಸರ್, ಊಟಾ ಇದ್ದಿಲ್ರಿ," ಎಂದಳು ನೀಲಾಂಬಿಕೆ. "ವೈನಿ ಕಾಮಣಿ ಪಥ್ಯಾ ಮಾಡಸ್ಯಾರ. ಗಂಜಿ, ಮಜ್ಜಿಗಿ. ನಾ ಪಥ್ಯ ಅಂದೆ. ಪಥ್ಯ ಅಂತ ಅಷ್ಟs ಅಂದೆ ಸರ್."

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಏನ್ ಉಂಡಾನ ಅಂತ ಕೇಳಲಿಲ್ಲ," ಎಂದರು ಆಮೇಲೆ. "ಬರೋಬ್ಬರಿ ಐತೇನು ಅಂತ ಅಷ್ಟs ಕೇಳಿದೆ. ಮಷೀನ್ ಬಂದ್ ಮಾಡವಾ."

ಅವಳು ಬಂದ್ ಮಾಡಿದಳು. ಪರದೆಯ ಮೇಲಿಂದ ಅಣ್ಣನ ಯಕೃತ್ತು ಹೋಯಿತು.

ಸಂಜೆ ಕಸ್ತೂರೆವ್ವ ಬಂದಾಗ ಇನಾಮದಾರರು ಅವಳನ್ನು ಕೂರಿಸಿ, ಗಡ್ಡೆ ಹರಡಿದೆ, ಆಪರೇಶನ್ ಆಗುವುದಿಲ್ಲ ಎಂದು ಮೆತ್ತಗೆ ತಿಳಿಸಿದರು. ಕೊನೆಗೆ, "ಇನ್ನ ಪಥ್ಯಾ ಗಿಥ್ಯಾ ಏನೂ ಬ್ಯಾಡ್ರಿ. ಅವರಿಗೆ ಏನ್ ಬೇಕಂತಾರ ಅದನ್ನ ಉಣಸ್ರಿ," ಎಂದರು. ಡಾಕ್ಟರು ಈ ಮಾತು ಹೇಳಿದರೆ ಅದರ ಅರ್ಥವೇನೆಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಗಡ್ಡೆ, ಹರಡಿದೆ ಎನ್ನುವಾಗ ಗಟ್ಟಿಯಾಗಿ ಕೂತಿದ್ದ ಕಸ್ತೂರೆವ್ವ ಈ ಮಾತಿಗೆ ಸೆರಗನ್ನು ಬಾಯಿಗೊತ್ತಿಕೊಂಡಳು. ನೀಲಾಂಬಿಕೆ ಅವಳ ಪಕ್ಕದಲ್ಲಿದ್ದಳು. ಗಂಜಿಯ ವಿಷಯ ಆಗಲೇ ಹೇಳಬೇಕಿತ್ತು. ಅವಳು ವೈನಿಯ ಬೆನ್ನು ಸವರಿದಳು, ಅಷ್ಟೇ.

ಅಣ್ಣನನ್ನು ಗದಗಿಗೆ ಕರೆದುಕೊಂಡು ಹೋದರು. ನೀಲಾಂಬಿಕೆ ದೀರ್ಘ ರಜೆ ಹಾಕಿ ಅಲ್ಲೇ ಉಳಿದಳು. ಕಸ್ತೂರೆವ್ವ ಖಾನಾವಳಿಯ ಬಾಗಿಲು ಹಾಕಿ, ಒಬ್ಬನೇ ಒಬ್ಬ ಗಿರಾಕಿಗೆ ಅಡಿಗೆ ಮಾಡಲು ನಿಂತಳು. ಮಡಿಕೆಕಾಳು, ತುಪ್ಪ ಸುರಿದ ಬೇಳೆ, ಗಟ್ಟಿ ಮೊಸರು, ಮಧ್ಯಾಹ್ನಕ್ಕೆ ಭಜಿ. ವಿರೂಪಾಕ್ಷಪ್ಪ ಮೊದಲು ಹೆದರಿ ಹೆದರಿ, ಆಮೇಲೆ ಆಸೆಪಟ್ಟು ಉಂಡ. ಕೆಲವೇ ದಿನಗಳಲ್ಲಿ ಅವನ ದನಿ ಏರಿತು. ಕೋಲಿಲ್ಲದೆ ಅಂಗಳದವರೆಗೆ ನಡೆದ. ಪಕ್ಕದ ಮನೆಯವರನ್ನು ಕರೆದು ಹರಟೆ ಹೊಡೆದ. ಗಡ್ಡೆಗೆ ಇದರಿಂದ ಏನೂ ಆಗದು, ಹಸಿದಿದ್ದ ಮೈಗೆ ಅನ್ನ ಬಿದ್ದಿತ್ತು ಅಷ್ಟೇ. ಆದರೆ ನೋಡುವ ಕಣ್ಣಿಗೆ ಅದು ಗುಣವಾದಂತೆಯೇ ಕಾಣುತ್ತಿತ್ತು. ನೀಲಾಂಬಿಕೆಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಅವತ್ತು ಅಡಿಗೆಮನೆಯಲ್ಲಿ ಕಸ್ತೂರೆವ್ವ ಹಿಟ್ಟು ನಾದುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು.

"ನೀಲಾ, ಉಂಡ ಮ್ಯಾಲ ಮುಖಕ್ಕ ಎಷ್ಟ್ ಕಳಿ ಬಂತಲ್ಲ. ಇದನ್ನ ಮದಲs ಕೊಟ್ಟಿದ್ರ?"

ನೀಲಾಂಬಿಕೆ ಒಲೆಯ ಮೇಲಿನ ಹಾಲು ಇಳಿಸಲು ತಿರುಗಿದಳು.

"ಕೊಡಬೇಕಿತ್ತೇನು? ಖರೇ ಹೇಳು."

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ತನ್ನನ್ನು ಸಾಕಿದ ಆ ಮುಖ ಎದುರಿಗಿತ್ತು. "ಹೌದ್ರಿ ವೈನಿ. ಉಂಡಿದ್ರ ಅದು ಚಿಗೀತಿತ್ತು. ತಪ್ಪು ನಿಮ್ಮದಲ್ಲ, ನಂದು. ನಾ ಬಿಡಿಸಿ ಹೇಳಲಿಲ್ಲ. ನಮ್ಮಲ್ಲಿ ಪಥ್ಯಾ ಅಂದ್ರ ಛಲೋತಂಗ ಉಣ್ಣೂದು. ಬಿಡೂದಲ್ಲ."

"ನಮ್ಮಲ್ಲಿ ಅಂದ್ರ ಎಲ್ಲಿ?"

ನೀಲಾಂಬಿಕೆ ತಲೆ ತಗ್ಗಿಸಿದಳು. ಹುಟ್ಟಿ ಬೆಳೆದ ಮನೆಯ ಅಡಿಗೆಮನೆಯಲ್ಲಿ ನಿಂತು, 'ನಮ್ಮಲ್ಲಿ' ಎಂದು ಅವಳು ಧಾರವಾಡದ ಆ ಕಟ್ಟಡವನ್ನು ಅಂದಿದ್ದಳು.

"ಉಣಸ್ರಿ ಅಂತ ಅಂದಿದ್ರ ಸಾಕಿತ್ತಲ್ಲ ನೀಲಾ," ಎಂದಳು ಕಸ್ತೂರೆವ್ವ. ಅವಳು ಕೂಗಲಿಲ್ಲ, ಶಪಿಸಲಿಲ್ಲ. "ಉಣಸತಿದ್ದೆ. ಊರಿಗೆಲ್ಲಾ ಉಣಸಾಕಿ ನಾನು. ನನ್ನ ಗಂಡನ್ನ ನನ್ನ ಕೈಲೇ ಉಪಾಸ ಕೆಡವಿಸಿದಿಯಲ್ಲವಾ."

ಅವಳು ಎದ್ದಳು. ತಟ್ಟೆಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಅದರ ಮೇಲೆ ತುಪ್ಪ, ಮತ್ತೆ ತುಪ್ಪ. ಗಂಡನ ಮಂಚದ ಮೇಲೆ ಕೂತು ತುತ್ತು ಮಾಡಿ ಅವನ ಬಾಯಿಗಿಟ್ಟಳು.

"ಅರೇ, ಈಗರ ಉಂಡೆನಲ್ಲ," ಎಂದು ನಕ್ಕ ವಿರೂಪಾಕ್ಷಪ್ಪ.

"ಉಣ್ರಿ."

ಅವನು ಒಂದು ತುತ್ತು ನುಂಗಿದ, ಇನ್ನೊಂದು ನುಂಗಿದ. ಸಾಕು ಎಂದು ಕೈ ಅಡ್ಡ ಹಿಡಿದ. ಕಸ್ತೂರೆವ್ವ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಉಣ್ರಿ, ನಿಮ್ಮ ಕಾಲ ಬೀಳತೇನಿ, ಉಣ್ರಿ." ಅವಳ ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಏನೂ ತಿಳಿಯದ ಅವನು ಹೆಂಡತಿಯ ಮುಖ ನೋಡಿ, ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ ಬಾಯಿ ತೆರೆದ. ನೀಲಾಂಬಿಕೆ ಬಾಗಿಲ ಹೊರಗೇ ನಿಂತಿದ್ದಳು. ಒಳಗೆ ಬಾ ಎಂದು ಅವಳನ್ನು ಯಾರೂ ಕರೆಯಲಿಲ್ಲ.